ಕೆರೆ ಹೂಳಿನಲ್ಲಿ ಸಿಕ್ಕಿದ ಈ ಏಣು ಏಣಿನ ಕಲ್ಲು ಏನು? ಗೊತ್ತಿದ್ದವರು ಹೇಳಿ

ಕಿತ್ತಳೆಹೂ (ಶನಿವಾರ ಸಂಜೆ 6.20)
ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಮಾಲ್ದಾರೆ ಕಡೆ ಚಿಕ್ಕ ಕಾಫಿ ತೋಟ. ಮಳೆ ಹಿಡಿಯುವ ಮೊದಲು ಕೆರೆ ಹೂಳು ತೆಗೆಸೋಣ ಅಂತ ಇವತ್ತು ಜೇಸಿಬಿ ಕರೆಸಿದ್ದೆವು. ಕೆರೆಯ ಮೂಲೆಯಲ್ಲಿ, ಹಲಸಿನ ಮರದ ಹತ್ತಿರ ದಂಡೆ ಅಗೆಯುವಾಗ ಇದು ಸಿಕ್ಕಿತು. ಮೊದಲು ಎಲ್ಲರೂ ಕಲ್ಲು ಅಂದುಕೊಂಡೆವು. ತೊಳೆದ ಮೇಲೆ ಕಲ್ಲಲ್ಲ ಅನಿಸಿತು.

ಮುಕ್ಕಾಲು ಗೇಣು ಉದ್ದ ಇದೆ. ಕಾಳುಮೆಣಸು ತೂಗುವ ತಕ್ಕಡಿಯಲ್ಲಿ ಇಟ್ಟರೆ 1 ಕೆ.ಜಿ. 400 ಗ್ರಾಂ. ಮೇಲೆ ಅಡ್ಡಡ್ಡಲಾಗಿ ಏಣುಗಳಿವೆ, ಬೀಸುಕಲ್ಲಿಗೆ ಉಳಿ ಹೊಡೆಸಿದ ಹಾಗೆ. ಮಗಳು ಎಣಿಸಿದಳು, 9 ಏಣು. ಒಂದು ತುದಿಯಲ್ಲಿ ಮಾತ್ರ ಏಣೇ ಇಲ್ಲ, ನುಣ್ಣಗೆ ಸವೆದು ಹೊಳೆಯುತ್ತದೆ. ಕೆಳಗೆ ಬೇರಿನ ಹಾಗೆ ಚಾಚಿಕೊಂಡಿದೆ.

ಮಗಳು 2ನೇ ಕ್ಲಾಸು. ಡೈನೋಸಾರ್‌ದೇ ಅಂತ ಹಟ ಹಿಡಿದಿದ್ದಾಳೆ. ಅತ್ತೆ ಮನೆಯೊಳಗೆ ತರಬೇಡ ಅಂದರು. ಮಾವ ಮೈಸೂರಿನಲ್ಲಿ ನಾದಿನಿ ಮನೆಯಲ್ಲಿದ್ದಾರೆ, ಗುರುವಾರ ಬರುತ್ತಾರೆ. ಅವರಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ಫೋಟೋ 3 ಹಾಕಿದ್ದೇನೆ, ನೋಡಿ.

ಮಡಿಕೇರಿ ಮಂಜು (6.31)
ಕಲ್ಲಾದ ಮರದ ತುಂಡು ಇರಬೇಕು. ಅಡ್ಡ ಗೆರೆಗಳು ಮರದ ಪದರ ಇದ್ದ ಹಾಗಿವೆ.

ಹಾರಂಗಿ ಹಿನ್ನೀರು (6.40)
ಮಗಳಿಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ. ಕೊಡಗಿನಲ್ಲಿ ಡೈನೋಸಾರ್ ಸಿಗುವುದಿಲ್ಲ. ನಮ್ಮ ಬಂಡೆಗಳು ಭೂಮಿಯ ಮೇಲೆ ಪ್ರಾಣಿಗಳೇ ಇಲ್ಲದ ಕಾಲದವು. ಡೈನೋಸಾರ್ ಮೂಳೆ ನೋಡಬೇಕೆಂದರೆ ಗುಜರಾತಿನ ಬಾಲಾಸಿನೋರ್‌ಗೋ ಮಧ್ಯಪ್ರದೇಶದ ಜಬಲ್‌ಪುರ ಕಡೆಗೋ ಹೋಗಬೇಕು. ಆದರೆ ಇದು ಮರವಂತೂ ಅಲ್ಲ, ಮಂಜು ಅವರೇ. ಆ ಬೇರುಗಳನ್ನು ನೋಡಿ.

ಕೊಟ್ಟಿಗೆ ಡಾಕ್ಟ್ರು (7.05)
ತಂಗಿ, ಇದು ಆನೆಯ ದವಡೆಹಲ್ಲು. ಅನುಮಾನವೇ ಬೇಡ. ನಾನು ಪಶುವೈದ್ಯನಾಗಿದ್ದಾಗ ಶಿಬಿರದ ಆನೆಗಳ ಬಾಯಿಯೊಳಗೆ ಕೈ ಹಾಕಿ ಈ ಏಣುಗಳನ್ನು ಮುಟ್ಟಿದ್ದೇನೆ.

ಆನೆಗೆ ಒಂದು ಹೊತ್ತಿಗೆ ಕೆಲಸ ಮಾಡುವ ದವಡೆಹಲ್ಲು ಹೆಚ್ಚೂಕಡಿಮೆ ನಾಲ್ಕೇ. ಮೇಲೆ ಎಡ, ಬಲ. ಕೆಳಗೆ ಎಡ, ಬಲ. ನಮಗೆ ಹೊಸ ಹಲ್ಲು ಹಳೆಯದರ ಕೆಳಗಿನಿಂದ ಬರುತ್ತದಲ್ವಾ? ಆನೆಗೆ ಹಾಗಲ್ಲ. ಹೊಸದು ದವಡೆಯ ಹಿಂದಿನಿಂದ ಮುಂದಕ್ಕೆ ಸರಿದು ಬರುತ್ತದೆ. ಮುಂದಿನದು ಸವೆದು ಚೂರಾಗಿ ಉದುರುತ್ತದೆ, ಹಿಂದಿನದು ಆ ಜಾಗಕ್ಕೆ ಬರುತ್ತದೆ. ಜೀವನದಲ್ಲಿ ಹೀಗೆ ಆರು ಜೊತೆ. ಏಳನೆಯದು ಇಲ್ಲ. ಆರನೆಯದೂ ಸವೆದು ಹೋದರೆ ಹೊಟ್ಟೆಗೆ ದಾರಿಯೇ ಇಲ್ಲ. ಬೇರೆ ಕಾಯಿಲೆ, ಗಾಯ ಯಾವುದೂ ಇಲ್ಲದ ಮುದಿ ಆನೆ ಕೊನೆಗೆ ಸೊರಗುವುದು ಹೀಗೆ.

ಬೀಸುಕಲ್ಲು ಅಂದಿರಿ, ಸರಿಯಾಗಿ ಹೇಳಿದಿರಿ. ಆ ಹಲ್ಲಿನಲ್ಲಿ ಮೂರು ವಸ್ತು ಒಂದರ ಪಕ್ಕ ಒಂದು ಪಟ್ಟಿ ಪಟ್ಟಿಯಾಗಿ ನಿಂತಿರುತ್ತವೆ. ಎನಾಮೆಲ್ ಬಹಳ ಗಟ್ಟಿ, ಡೆಂಟಿನ್ ಅದಕ್ಕಿಂತ ಮೆದು, ನಡುವೆ ತುಂಬಿರುವ ಸಿಮೆಂಟಮ್ ಇನ್ನೂ ಮೆದು. ಮೆದುವಾದದ್ದು ಬೇಗ ಸವೆಯುತ್ತದೆ, ಎನಾಮೆಲ್ ಏಣಾಗಿ ಎದ್ದು ನಿಲ್ಲುತ್ತದೆ. ನಮ್ಮ ಬೀಸುಕಲ್ಲಿಗೆ ಆಗಾಗ ಉಳಿ ಹೊಡೆಸಬೇಕು. ಆನೆಯ ಹಲ್ಲು ಅಗಿಯುತ್ತಾ ಅಗಿಯುತ್ತಾ ತಾನೇ ಹರಿತ ಇಟ್ಟುಕೊಳ್ಳುತ್ತದೆ.

ಎಷ್ಟು ಅಗಲ ಇದೆ ಹೇಳಿ. ಮೇಲ್ಮುಖ ಉಬ್ಬಿದೆಯಾ, ತಗ್ಗಿದೆಯಾ ಅದನ್ನೂ ನೋಡಿ.

ಕಿತ್ತಳೆಹೂ (7.22)
ಅಯ್ಯೋ ಸರ್, ಮೈ ಜುಂ ಅಂತು. ನಾಲ್ಕು ಬೆರಳು ಅಗಲ ಇದೆ. ಉದ್ದಕ್ಕೆ ನೋಡಿದರೆ ನಡುವೆ ಸ್ವಲ್ಪ ತಗ್ಗು, ದೋಣಿಯ ಹಾಗೆ. ಅಂದರೆ ನಮ್ಮ ಕೆರೆಯಲ್ಲಿ ಆನೆ ಸತ್ತಿತ್ತಾ?

ಕೊಟ್ಟಿಗೆ ಡಾಕ್ಟ್ರು (7.40)
ತಗ್ಗಾಗಿದ್ದರೆ ಕೆಳದವಡೆಯದು. ಮೇಲಿನದು ಉಬ್ಬಿರುತ್ತದೆ. ನಾಲ್ಕು ಬೆರಳು ಅಗಲ ಅಂದರೆ ಮರಿಯದಲ್ಲ, ದೊಡ್ಡ ಆನೆಯದೇ. ನಮ್ಮ ಆನೆಗಳ ಆರನೆಯ ಹಲ್ಲಿನಲ್ಲಿ ಪೂರ್ತಿ ಇದ್ದಾಗ ಇಪ್ಪತ್ತಕ್ಕೂ ಜಾಸ್ತಿ ಏಣು ಇರುತ್ತವೆ. ನಿಮ್ಮದರಲ್ಲಿ 9 ಉಳಿದಿವೆ, ಮುಂದಿನ ತುದಿ ನುಣ್ಣಗಾಗಿದೆ. ಇದು ವಯಸ್ಸಾದ ಆನೆಯದು ಅಂತ ನನ್ನ ಅಂದಾಜು.

ಸತ್ತಿದ್ದೇ ಅಂತ ಈಗಲೇ ಹೇಳಲಾರೆ. ಬದುಕಿರುವ ಆನೆಯ ಬಾಯಿಂದಲೂ ಹಲ್ಲಿನ ಚೂರು ಉದುರುತ್ತದೆ. ಆದರೆ ಬೇರು ಸಮೇತ ಇಷ್ಟು ದೊಡ್ಡ ತುಂಡು ಉದುರುವುದು ಅಪರೂಪ.

ಕುಟ್ಟದವ (7.48)
ಎಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡಿ ಅಕ್ಕ. ಅರಣ್ಯ ಇಲಾಖೆಗೆ ಫೋನ್ ಮಾಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡುಪ್ರಾಣಿಯ ಹಲ್ಲು, ಮೂಳೆ, ಉಗುರು ಎಲ್ಲ ಸರ್ಕಾರದ ಸ್ವತ್ತು. ಸಿಕ್ಕಿದ 48 ಗಂಟೆಯೊಳಗೆ ತಿಳಿಸಿ ಒಪ್ಪಿಸಬೇಕು. ಶೋಕೇಸಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ.

ಕಿತ್ತಳೆಹೂ (8.15)
ನಮ್ಮ ಯಜಮಾನರು ಈಗಲೇ ಗಾರ್ಡ್‌ಗೆ ಫೋನ್ ಮಾಡಿದರು. ಸೋಮವಾರ ಬಂದು ಮಹಜರು ಮಾಡಿ ತೆಗೆದುಕೊಂಡು ಹೋಗುತ್ತಾರಂತೆ. ಅಲ್ಲಿಯವರೆಗೆ ಆ ಮೂಲೆಯಲ್ಲಿ ಅಗೆಯಬೇಡಿ ಅಂದಿದ್ದಾರೆ. ತುಂಬಾ ಥ್ಯಾಂಕ್ಸ್ ತಮ್ಮ.

ಬೆಂಗಳೂರು ಬಸ್ (9.02)
ಒಂದು ಸಣ್ಣ ಪ್ರಶ್ನೆ. ಆನೆಗೆ ಹಲ್ಲು ಅಂದರೆ ದಂತ ಅಲ್ವಾ? ಇದು ಬೇರೆಯಾ?

ಮಡಿಕೇರಿ ಮಂಜು (9.06)
ದಂತ ಅಂದರೆ ಕೋರೆಹಲ್ಲು. ಹಂದಿಗೆ ಇರುತ್ತದಲ್ಲ, ಹಾಗೇ. ಇದು ಒಳಗಿನ ದವಡೆಹಲ್ಲು.

ಹಲ್ಲಿನ ಡಾಕ್ಟರ್ ವಿರಾಜಪೇಟೆ (9.30)
ಮಂಜು ಅವರೇ, ಅಲ್ಲಿ ಒಂದು ತಪ್ಪಿದೆ. ಕನ್ನಡದಲ್ಲಿ ಎರಡಕ್ಕೂ ಕೋರೆ ಅನ್ನುವುದರಿಂದ ಈ ಗೊಂದಲ. ಆನೆಯ ದಂತ ಬಾಚಿಹಲ್ಲು. ಅಂದರೆ ನಮ್ಮ ಬಾಯಲ್ಲಿ ಮುಂದೆ ಇರುವ, ಸೀಬೆಹಣ್ಣು ಕಚ್ಚುವ ಹಲ್ಲು. ಆನೆಗೆ ಕೋರೆಹಲ್ಲೇ ಇಲ್ಲ. ಹಂದಿಯದು ಮಾತ್ರ ನಿಜವಾದ ಕೋರೆ. ಎರಡೂ ಹೊರಗೆ ಚಾಚಿಕೊಂಡಿವೆ, ಎರಡೂ ಬೆಳೆಯುತ್ತಲೇ ಇರುತ್ತವೆ. ಆದರೆ ಹುಟ್ಟಿದ ಜಾಗ ಬೇರೆ ಬೇರೆ.

ಆನೆಯ ಹಳೆಯ ಬಂಧುಗಳಲ್ಲಿ ಕೆಲವಕ್ಕೆ ಮೇಲೂ ಕೆಳಗೂ ಸೇರಿ ನಾಲ್ಕು ದಂತ ಇದ್ದವು. ಡೈನೋಥೀರಿಯಂ ಅನ್ನುವುದಕ್ಕೆ ಕೆಳದವಡೆಯಲ್ಲಿ ಮಾತ್ರ, ಅದೂ ನೆಲದ ಕಡೆ ಬಾಗಿದ್ದವು. ಅದರ ಪಳೆಯುಳಿಕೆ ಗುಜರಾತಿನ ಪಿರಾಂ ದ್ವೀಪದಲ್ಲಿ ಸಿಕ್ಕಿದೆ. ಮಗಳಿಗೆ ಚಿತ್ರ ತೋರಿಸಿ ಅಕ್ಕ, ಡೈನೋಸಾರ್ ಅಲ್ಲ ಅನ್ನುವ ಬೇಜಾರು ಹೋಗುತ್ತದೆ.

ಕುಟ್ಟದವ (9.41)
ಹಂದಿ ಕೋರೆ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಕಾಡುಹಂದಿ ಬಾಯಿ ಆಡಿಸುವಾಗ ಕಟಕಟ ಸದ್ದು ಕೇಳಿದವರಿಗೆ ಗೊತ್ತು. ಮೇಲಿನ ಕೋರೆಗೆ ಕೆಳಗಿನ ಕೋರೆ ಉಜ್ಜುತ್ತದೆ. ಮೇಲಿನದು ಸಾಣೆಕಲ್ಲು, ಕೆಳಗಿನದು ಚೂರಿ. ನಮ್ಮ ನಾಯಿಯ ಹೊಟ್ಟೆ ಒಂದೇ ಏಟಿಗೆ ಸೀಳಿ ಹೋಗಿತ್ತು. ಕತ್ತಿಯಲ್ಲಿ ಕೊಯ್ದ ಹಾಗಿತ್ತು ಗಾಯ. 14 ಹೊಲಿಗೆ ಬಿತ್ತು, ಬದುಕಿಕೊಂಡಿತು.

ಪ್ರಾಣಿಶಾಸ್ತ್ರ ಮೇಷ್ಟ್ರು (ಭಾನುವಾರ ಬೆಳಿಗ್ಗೆ 7.10)
ಒಳ್ಳೆಯ ಚರ್ಚೆ. ಹಂದಿಯ ಬಗ್ಗೆ ಇನ್ನೊಂದು ಮಾತು. ಕಾಡುಹಂದಿಗೆ 44 ಹಲ್ಲು. ಸಸ್ತನಿಗಳ ಹಳೆಯ ಮೂಲ ಲೆಕ್ಕ ಅದೇ. ಉಳಿದ ಹೆಚ್ಚಿನವು ಆ ಲೆಕ್ಕದಿಂದ ಕಳೆದುಕೊಳ್ಳುತ್ತಾ ಬಂದಿವೆ. ನಾಯಿಗೆ 42. ನಾಗರಹೊಳೆಯ ಸೀಳುನಾಯಿಗೆ 40, ಕೆಳದವಡೆಯ ಕೊನೆಯಲ್ಲಿ ಎರಡು ಕಡಿಮೆ. ಹುಲಿಗೆ 30. ನಮಗೂ ಹಸುವಿಗೂ 32. ಹಂದಿ ಗೆಡ್ಡೆ, ಹುಳ, ಹಣ್ಣು, ಹೆಣ ಎಲ್ಲ ತಿನ್ನುತ್ತದೆ. ಎಲ್ಲ ಬಗೆಯ ಹಲ್ಲೂ ಅದಕ್ಕೆ ಬೇಕು, ಎಲ್ಲವನ್ನೂ ಉಳಿಸಿಕೊಂಡಿದೆ.

ಹಲ್ಲಿನ ಜೊತೆ ದವಡೆ ಹೇಗೆ ಆಡುತ್ತದೆ ಅಂತಲೂ ನೋಡಬೇಕು. ಮನೆಯಲ್ಲೇ ನೋಡಬಹುದು. ಬೆಕ್ಕು ಮೀನು ತಿನ್ನುವಾಗ ಅದರ ದವಡೆ ಮೇಲೆ ಕೆಳಗೆ ಮಾತ್ರ ಹೋಗುತ್ತದೆ, ಕತ್ತರಿಯ ಹಾಗೆ. ತಲೆ ಓರೆ ಮಾಡಿ ಕೆನ್ನೆಯ ಕಡೆಯಿಂದ ಕತ್ತರಿಸುತ್ತದೆ. ಅಗಿಯಲು ಅದಕ್ಕೆ ಬರುವುದಿಲ್ಲ. ಹಸು ಮೆಲುಕು ಹಾಕುವಾಗ ದವಡೆ ಪಕ್ಕಕ್ಕೆ ತಿರುಗುತ್ತದೆ. ಆನೆಯದು ಹಿಂದಕ್ಕೂ ಮುಂದಕ್ಕೂ. ಅದಕ್ಕೇ ಆನೆ ಹಲ್ಲಿನ ಏಣು ಅಡ್ಡಡ್ಡ ಇರುವುದು. ದವಡೆ ಉದ್ದಕ್ಕೆ ಓಡಿದರೆ ಏಣು ಅಡ್ಡ ಇರಬೇಕು, ಇಲ್ಲದಿದ್ದರೆ ಸೊಪ್ಪು ಹರಿಯುವುದಿಲ್ಲ. ತೆಂಗಿನಕಾಯಿ ತುರಿಯುವವರಿಗೆ ಇದು ಬೇಗ ಅರ್ಥವಾಗುತ್ತದೆ.

ಮಳೆಹಕ್ಕಿ (7.35)
ಹಸುವಿಗೆ 32 ಅಂದಿರಿ ಮೇಷ್ಟ್ರೇ. ಆದರೆ ಮೇಲೆ ಮುಂದೆ ಹಲ್ಲೇ ಇಲ್ಲವಲ್ಲ? ನಾನು ದಿನಾ ಹಾಲು ಕರೆಯುವವಳು.

ಕೊಟ್ಟಿಗೆ ಡಾಕ್ಟ್ರು (8.00)
ಇಲ್ಲವೇ ಇಲ್ಲ. ಮೇಲೆ ಮುಂದೆ ಗಟ್ಟಿ ಒಸಡು ಮಾತ್ರ. ನಾಲಗೆಯಿಂದ ಹುಲ್ಲು ಸುತ್ತಿ, ಕೆಳಗಿನ 8 ಹಲ್ಲನ್ನು ಆ ಒಸಡಿಗೆ ಒತ್ತಿ ಕೀಳುತ್ತದೆ. ಉಳಿದ 24 ಹಿಂದೆ ದವಡೆಯಲ್ಲಿವೆ. ಲೆಕ್ಕ ಸರಿಯಾಯಿತು.

ಆ ಕೆಳಗಿನ 8 ಹಲ್ಲೇ ದನದ ಜಾತಕ. ಸುಮಾರು ಎರಡು ವರ್ಷಕ್ಕೆ ನಡುವಿನ ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬರುತ್ತವೆ. ಆಮೇಲೆ ನಾಲ್ಕು, ಆರು. ನಾಲ್ಕು-ಐದು ವರ್ಷಕ್ಕೆ ಎಂಟೂ ಬಂದು ಬಾಯಿಗೂಡುತ್ತದೆ. ಜಾತ್ರೆಯಲ್ಲಿ ಹಳಬರು ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವ ಮೊದಲು ಬಾಯಿ ಬಿಡಿಸಿ ನೋಡುತ್ತಿದ್ದುದು ಇದನ್ನೇ.

ಮಡಿಕೇರಿ ಮಂಜು (8.12)
ಜಿಂಕೆ ಜಾತಿಗೂ ಮೇಲೆ ಹಲ್ಲಿಲ್ಲ ಅಲ್ವಾ? ಆದರೆ ನಮ್ಮ ತೋಟಕ್ಕೆ ಬರುವ ಕಾಡುಕುರಿಗೆ ಬಾಯಿಂದ ಕೋರೆ ಇಣುಕುತ್ತದೆ. ನಾನೇ ನೋಡಿದ್ದೇನೆ, ಇದನ್ನು ಮಾತ್ರ ತಪ್ಪು ಅನ್ನಬೇಡಿ.

ಪ್ರಾಣಿಶಾಸ್ತ್ರ ಮೇಷ್ಟ್ರು (8.20)
ನೂರಕ್ಕೆ ನೂರು ಸರಿ. ಗಂಡು ಕಾಡುಕುರಿಗೆ ಮೇಲಿನ ಕೋರೆ ಉದ್ದ, ಕೊಂಬು ಮೋಟು. ಹಿಮಾಲಯದ ಕಸ್ತೂರಿ ಮೃಗಕ್ಕೆ ಕೊಂಬೇ ಇಲ್ಲ, ಕೋರೆ ಇನ್ನೂ ಉದ್ದ. ದೊಡ್ಡ ಕೊಂಬಿನ ಚುಕ್ಕೆಜಿಂಕೆಗೆ ಈ ಕೋರೆ ಇಲ್ಲ. ಗಂಡುಗಳ ಜಗಳಕ್ಕೆ ಒಂದು ಆಯುಧ ಸಾಕು.

ಬೆಂಗಳೂರು ಬಸ್ (9.15)
ನನ್ನ ಕೊಡವ ಸ್ನೇಹಿತನ ಮನೆಯಲ್ಲಿ ಒಂದು ಹಳೆಯ ಫೋಟೋ ಇದೆ. ಕೆಳಗೆ 'ನರಿ ಮಂಗಲ' ಅಂತ ಬರೆದಿದೆ. ನರಿ ಹೊಡೆದದ್ದಕ್ಕೆ ಇಷ್ಟು ದೊಡ್ಡ ಸಮಾರಂಭ ಯಾಕೆ ಅಂತ ಯಾವತ್ತೂ ಕೇಳಲಿಲ್ಲ. ಕೋರೆ ಅಂದಾಗ ಅದು ನೆನಪಾಯಿತು.

ಕುಟ್ಟದವ (9.24)
ಅಣ್ಣ, ಕೊಡವ ತಕ್ಕ್‌ನಲ್ಲಿ ನರಿ ಅಂದರೆ ಹುಲಿ! ಹುಲಿ ಕೊಂದವನಿಗೆ ಆ ಹುಲಿಯ ಆತ್ಮದ ಜೊತೆ ಮದುವೆ ಶಾಸ್ತ್ರ ಮಾಡುತ್ತಿದ್ದರು. ಅದು ನರಿ ಮಂಗಲ. ಈಗ ಹಳೆಯ ಫೋಟೋದಲ್ಲಿ ಮಾತ್ರ. ಹುಲಿ ಕೊಲ್ಲುವ ಕಾಲ ಮುಗಿಯಿತು, ಮುಗಿದಿದ್ದೇ ಒಳ್ಳೆಯದು.

ಆದರೆ ನಮ್ಮ ಕಡೆ ಕಷ್ಟ ಮುಗಿದಿಲ್ಲ. ಹೋದ ವರ್ಷ ನಮ್ಮ ಪಕ್ಕದ ಮನೆಯ ಗಬ್ಬದ ಹಸುವನ್ನು ಹುಲಿ ಕೊಟ್ಟಿಗೆಯಿಂದಲೇ ಎಳೆದುಕೊಂಡು ಹೋಯಿತು. ಆಮೇಲೆ ಬೋನಿಗೆ ಬಿದ್ದಾಗ ನೋಡಿದೆವು. ಮುದಿ ಗಂಡು, ಮೇಲಿನ ಒಂದು ಕೋರೆ ಅರ್ಧಕ್ಕೆ ಮುರಿದಿತ್ತು. ಕಾಟಿಯ ಕತ್ತು ಹಿಡಿಯುವ ಶಕ್ತಿ ಅದಕ್ಕೆ ಎಲ್ಲಿ?

ಪ್ರಾಣಿಶಾಸ್ತ್ರ ಮೇಷ್ಟ್ರು (9.50)
ಇದು ಹಳೆಯ ಕಥೆ. 1907ರಲ್ಲಿ ಕುಮಾವೂಂನಲ್ಲಿ ಜಿಮ್ ಕಾರ್ಬೆಟ್ ಹೊಡೆದ ಚಂಪಾವತ್ ಹೆಣ್ಣುಹುಲಿಯ ಬಲಗಡೆಯ ಕೋರೆಗಳು ಹಳೆಯ ಗುಂಡೇಟಿನಿಂದ ಮುರಿದಿದ್ದವು. 1898ರಲ್ಲಿ ಕೀನ್ಯಾದ ತ್ಸಾವೋದಲ್ಲಿ ರೈಲು ಕೆಲಸಗಾರರನ್ನು ತಿಂದ ಎರಡು ಸಿಂಹಗಳಲ್ಲಿ ಒಂದಕ್ಕೆ ಕೋರೆಯ ಬುಡದಲ್ಲಿ ಕೀವು ಕಟ್ಟಿತ್ತು. ಜನರ ಮೇಲೆ, ಜಾನುವಾರಿನ ಮೇಲೆ ಬೀಳುವ ಪ್ರತಿ ಹುಲಿಗೂ ಹಲ್ಲು ಮುರಿದಿರುತ್ತದೆ ಅಂತಲ್ಲ. ಆದರೆ ಅವುಗಳಿಗೆ ಹಾಲುಹಲ್ಲಿನ ನಂತರ ಒಂದೇ ಜೊತೆ. ಹೋದರೆ ಹೋಯಿತು.

ಮಡಿಕೇರಿ ಮಂಜು (11.30)
ನನಗೆ ಅರ್ಥವಾಗದ ಒಂದು ವಿಷಯ. ಈಗ ಮಕ್ನಾ ಆನೆಗಳು ಇವೆಯಲ್ಲ, ದಂತ ಇಲ್ಲದ ಗಂಡು. ಕಳ್ಳಬೇಟೆ ಜಾಸ್ತಿಯಾದ ಮೇಲೆ ಆನೆಗಳೇ ಬುದ್ಧಿ ಉಪಯೋಗಿಸಿ ದಂತ ಬೆಳೆಸುವುದನ್ನು ಬಿಟ್ಟವು ಅಂತ ಒಬ್ಬರು ಹೇಳಿದರು. ವಿಕಾಸ ಅಂದರೆ ಅದೇ ಅಲ್ವಾ?

ಪ್ರಾಣಿಶಾಸ್ತ್ರ ಮೇಷ್ಟ್ರು (12.05)
ಅಲ್ಲ ಮಂಜು. ಇದನ್ನು ಬಿಡಿಸಿ ಹೇಳಲೇಬೇಕು. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಪ್ರತಿ ವರ್ಷ ಇದೇ ತಪ್ಪು ನೋಡಿದ್ದೇನೆ.

ಯಾವ ಪ್ರಾಣಿಯೂ ಬಯಸಿ ಹಲ್ಲು ಬೆಳೆಸುವುದಿಲ್ಲ, ಬಯಸಿ ಬಿಡುವುದೂ ಇಲ್ಲ. ಮೊಜಾಂಬಿಕ್‌ನ ಗೊರೊಂಗೋಸಾ ಕಾಡನ್ನು ನೋಡಿ. ಆಫ್ರಿಕಾದಲ್ಲಿ ಹೆಣ್ಣಾನೆಗೂ ದಂತ ಇರುತ್ತದೆ. ಅಲ್ಲಿ 1977ರಿಂದ 1992ರವರೆಗೆ ಅಂತರ್ಯುದ್ಧ. ಎರಡೂ ಕಡೆಯವರು ಆನೆ ಕೊಂದು ದಂತ ಮಾರಿದರು. ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಆನೆ ಸತ್ತವು. ದಂತವಿಲ್ಲದ ಹೆಣ್ಣಾನೆಗಳು ಮೊದಲೂ ಇದ್ದವು, ನೂರಕ್ಕೆ ಸುಮಾರು 18. ಅವನ್ನು ಕೊಂದು ಲಾಭವಿಲ್ಲ, ಹಾಗಾಗಿ ಉಳಿದವು, ಮರಿ ಹಾಕಿದವು. ಯುದ್ಧ ಮುಗಿಯುವ ಹೊತ್ತಿಗೆ ನೂರಕ್ಕೆ ಸುಮಾರು 50. ಯಾವ ಆನೆಯೂ ನಿರ್ಧಾರ ಮಾಡಲಿಲ್ಲ. ದಂತ ಇದ್ದವು ಸತ್ತವು, ಇಲ್ಲದವು ಉಳಿದವು, ಅಷ್ಟೇ. ಈ ಅಧ್ಯಯನ ಹೊರಬಂದದ್ದು 2021ರಲ್ಲಿ.

ಅದೇ ಲಕ್ಷಣ ಅಲ್ಲಿ ಗಂಡು ಭ್ರೂಣಕ್ಕೆ ಮಾರಕ ಅಂತಲೂ ಸಂಶೋಧಕರು ಕಂಡರು. ಅಂದರೆ ಉಳಿದದ್ದಕ್ಕೂ ಬೆಲೆ ತೆರಬೇಕಾಯಿತು. ನಮ್ಮ ಮಕ್ನಾಗಳದು ಬೇರೆ ದಾರಿ. ಅವು ಗಂಡೇ ಆಗಿದ್ದು ಗಟ್ಟಿಮುಟ್ಟಾಗಿ ಬದುಕುತ್ತವೆ. ಶ್ರೀಲಂಕಾದಲ್ಲಿ ಹೆಚ್ಚಿನ ಗಂಡಾನೆಗಳಿಗೆ ದಂತವೇ ಇಲ್ಲ.

ಮಡಿಕೇರಿ ಮಂಜು (12.20)
ಈಗ ಅರ್ಥವಾಯಿತು ಸರ್. ಇಷ್ಟು ದಿನ ತಿರುಗಾಮುರುಗಾ ತಿಳಿದುಕೊಂಡಿದ್ದೆ.

ಕೇರೆಹಾವು (2.40)
ಹಾವಿನ ವಿಷಯ ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ. ಕೊಯ್ಲಿನ ಸಮಯದಲ್ಲಿ ಹಾವು ಹಿಡಿದು ಬಿಡಲು ಕರೆ ಬಂದಾಗ ನೋಡಿದ್ದನ್ನೇ ಹೇಳುತ್ತೇನೆ. ಕೇರೆಹಾವಿನ ಹಲ್ಲೆಲ್ಲ ಸಣ್ಣ, ಒಳಮುಖ ಬಾಗಿರುತ್ತವೆ. ಹಿಡಿದ ಇಲಿ ಹೊರಗೆ ಜಾರಬಾರದು, ಅಷ್ಟೇ ಕೆಲಸ. ನಾಗರಹಾವಿಗೆ ಮುಂದೆ ಎರಡು ಚಿಕ್ಕ ವಿಷದ ಹಲ್ಲು, ಮಡಚುವುದಿಲ್ಲ. ಕೊಳಕುಮಂಡಲದ್ದು ಉದ್ದ. ಬಾಯಿ ಮುಚ್ಚಿದಾಗ ಪೇನಾಚಾಕುವಿನ ಹಾಗೆ ಮಡಚಿ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಕಾಳುಮೆಣಸಿನ ಬಳ್ಳಿಯಲ್ಲಿ ಕೂರುವ ಮಲಬಾರ್ ಗುಳಿಮಂಡಲದ್ದೂ ಹಾಗೇ.

ವಿಷದ ಹಲ್ಲು ಅಂದರೆ ಒಳಗೆ ಕೊಳವೆ ಇರುವ ಹಲ್ಲು, ಇಂಜೆಕ್ಷನ್ ಸೂಜಿಯಂತೆ. ಹಾವಿನ ಭ್ರೂಣಗಳನ್ನು ನೋಡಿದಾಗ ಮುಂದಿರುವ ಈ ಹಲ್ಲು ಹುಟ್ಟುವುದು ದವಡೆಯ ಹಿಂಭಾಗದಲ್ಲಿ ಅಂತ 2008ರಲ್ಲಿ ತಿಳಿಯಿತು. ಬೆಳೆಯುತ್ತಾ ಮುಂದಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಹಲ್ಲು ಕಿತ್ತ ಹಾವು ಅಂತ ಮಾತಿದೆ, ನಂಬಿ ಮುಟ್ಟಬೇಡಿ. ಒಂದು ಹಲ್ಲಿನ ಹಿಂದೆ ಇನ್ನೊಂದು ಬೆಳೆಯುತ್ತಲೇ ಇರುತ್ತದೆ. ಕೆಲವು ವಾರಗಳಲ್ಲಿ ಹೊಸದು ತಯಾರು.

ಮಳೆಹಕ್ಕಿ (3.10)
ಹಾವಿಗೆ ಮತ್ತೆ ಮತ್ತೆ ಬರುತ್ತದೆ, ಮೊಸಳೆಗೂ ಬರುತ್ತದೆ ಅಂತ ಕೇಳಿದ್ದೇನೆ. ನಮಗೆ ಯಾಕೆ ಎರಡೇ ಸಲ? ನನಗೆ 52, ದವಡೆಯಲ್ಲಿ ಮೂರು ಹೋಗಿವೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ನಮ್ಮಮ್ಮ ಹೇಳುತ್ತಿದ್ದುದು ಈಗ ತಿಳಿಯುತ್ತಿದೆ.

ಹಲ್ಲಿನ ಡಾಕ್ಟರ್ ವಿರಾಜಪೇಟೆ (4.00)
ಅಕ್ಕ, ಇದಕ್ಕೆ ಉತ್ತರ ಹಾಲು ಮತ್ತು ಅಗಿಯುವುದು. ಮೊಸಳೆ ಅಗಿಯುವುದಿಲ್ಲ, ಹಿಡಿದು ಹರಿದು ನುಂಗುತ್ತದೆ. ಒಂದು ಹಲ್ಲು ಉದ್ದ, ಪಕ್ಕದ್ದು ಮೋಟು ಇದ್ದರೂ ನಡೆಯುತ್ತದೆ. ಅಗಿಯುವವರಿಗೆ ಹಾಗಾಗುವುದಿಲ್ಲ. ಮೇಲಿನ ಹಲ್ಲಿನ ಗುಬ್ಬಿ ಕೆಳಗಿನ ಹಲ್ಲಿನ ಗುಳಿಗೆ ಸರಿಯಾಗಿ ಕೂರಬೇಕು. ಹಲ್ಲು ಸದಾ ಬದಲಾಗುತ್ತಿದ್ದರೆ ಆ ಜೋಡಣೆ ನಿಲ್ಲುವುದಿಲ್ಲ.

ಮರಿ ಹುಟ್ಟಿದಾಗ ತಾಯಿ ಹಾಲು ಇರುವುದರಿಂದ ಹಲ್ಲು ಬೇಡ. ಅಷ್ಟರಲ್ಲಿ ದವಡೆ ಬೆಳೆಯುತ್ತದೆ. ಆಮೇಲೆ ಚಿಕ್ಕ ಬಾಯಿಗೆ 20 ಚಿಕ್ಕ ಹಲ್ಲು, ದೊಡ್ಡ ಬಾಯಿಗೆ 32. ಚೆನ್ನಾಗಿ ಅಗಿಯುವ ಶಕ್ತಿ ಸಿಕ್ಕಿತು, ಮತ್ತೆ ಮತ್ತೆ ಹುಟ್ಟುವ ಶಕ್ತಿ ಹೋಯಿತು. ಅದಕ್ಕೇ ಹುಳುಕಾದ ಕೂಡಲೇ ಬನ್ನಿ ಅಂತ ನಾನು ಎಲ್ಲರಿಗೂ ಬೇಡಿಕೊಳ್ಳುವುದು.

ಶನಿವಾರಸಂತೆ ಬೆಳೆಗಾರ (5.25)
ನಮ್ಮ ಕಡೆ ಬನ್ನಿ, ಎಲ್ಲಕ್ಕಿಂತ ಜಾಸ್ತಿ ಹಲ್ಲಿನ ಪ್ರಾಣಿ ತೋರಿಸುತ್ತೇನೆ. ಆಫ್ರಿಕನ್ ಬಸವನಹುಳು. ಮಳೆ ಬಿದ್ದರೆ ಸಾಕು, ಕಾಫಿ ಗಿಡ, ಬಾಳೆ, ಪಪ್ಪಾಯ ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ. ಬೆಳಿಗ್ಗೆ ಎದ್ದು ಬಕೆಟ್‌ಗಟ್ಟಲೆ ಆರಿಸಿ ಉಪ್ಪು ಹಾಕಿದ್ದೇವೆ. ಅದಕ್ಕೆ ಹಲ್ಲಿದೆ ಅಂದರೆ ನಮ್ಮ ತಮ್ಮ ನಂಬಲಿಲ್ಲ. ರಾತ್ರಿ ಸುಮ್ನೆ ನಿಂತು ಕೇಳಿದರೆ ಕರಕರ ಸದ್ದು ಕೇಳಿಸುತ್ತದೆ.

ಪ್ರಾಣಿಶಾಸ್ತ್ರ ಮೇಷ್ಟ್ರು (5.50)
ಇದೆ. ಅದರ ನಾಲಗೆಯ ಮೇಲೆ ಅರದ ಹಾಗೆ ಸಾವಿರಾರು ಸಣ್ಣ ಹಲ್ಲುಗಳು ಸಾಲಾಗಿರುತ್ತವೆ. ರಾಡ್ಯುಲಾ ಅನ್ನುತ್ತಾರೆ. ಮುಂದಿನ ಸಾಲು ಸವೆದರೆ ಹಿಂದಿನ ಸಾಲು ಸರಿದು ಬರುತ್ತದೆ. ಆನೆಯದು ನೆನಪಾಯಿತಾ? ಸಂಬಂಧವೇ ಇಲ್ಲದ ಎರಡು ಪ್ರಾಣಿಗಳಲ್ಲಿ ಒಂದೇ ಉಪಾಯ. ಸಮುದ್ರದ ಬಂಡೆಗೆ ಅಂಟಿರುವ ಲಿಂಪೆಟ್ ಎಂಬ ಅದರ ನೆಂಟನ ಹಲ್ಲಿನಲ್ಲಿ ಕಬ್ಬಿಣದ ಖನಿಜವಿದೆ. ಜೀವಿಗಳು ಮಾಡುವ ವಸ್ತುಗಳಲ್ಲೇ ಅತಿ ಬಲವಾದದ್ದು ಅದು ಅಂತ 2015ರಲ್ಲಿ ಅಳೆದು ಹೇಳಿದರು. ಆದರೆ ನಮ್ಮ ಹಲ್ಲಿನ ವಂಶ ಬೇರೆ, ಇವುಗಳದು ಬೇರೆ.

ಹಾರಂಗಿ ಹಿನ್ನೀರು (6.02)
ಇಂಬಳಕ್ಕೂ ಹಲ್ಲಿದೆ ಅಲ್ವಾ? ಮಳೆಗಾಲದಲ್ಲಿ ಕಾಲಿನ ಮೇಲೆ ಮೂರು ಗೆರೆ ಸೇರಿದ ಗುರುತು ಬೀಳುತ್ತದೆ.

ಕೇರೆಹಾವು (6.08)
ಮೂರು ದವಡೆ, ಅದಕ್ಕೇ ಮೂರು ಗೆರೆ. ಒಂದೊಂದು ದವಡೆಯ ಅಂಚಿನಲ್ಲೂ ಗರಗಸದ ಹಾಗೆ ಸಣ್ಣ ಹಲ್ಲು. ರಕ್ತ ಹೆಪ್ಪುಗಟ್ಟದ ಹಾಗೆ ಎಂಜಲು ಬಿಡುವುದರಿಂದ ನಿಲ್ಲುವುದೇ ಇಲ್ಲ.

ಬೆಂಗಳೂರು ಬಸ್ (6.15)
ಹಲ್ಲೇ ಇಲ್ಲದವು ಯಾವುವು ಹಾಗಾದರೆ? ಕೋಳಿ?

ಪ್ರಾಣಿಶಾಸ್ತ್ರ ಮೇಷ್ಟ್ರು (6.45)
ಈಗಿನ ಯಾವ ಹಕ್ಕಿಗೂ ಇಲ್ಲ. ಹಿಂದೆ ಇತ್ತು, ಆರ್ಕಿಯೋಪ್ಟೆರಿಕ್ಸ್ ಅನ್ನುವ ಡೈನೋಸಾರ್ ಕಾಲದ ಹಕ್ಕಿಗೆ ಬಾಯ್ತುಂಬ ಹಲ್ಲು. 2006ರಲ್ಲಿ ಒಂದು ಬಗೆಯ ರೂಪಾಂತರಿತ ಕೋಳಿಭ್ರೂಣದಲ್ಲಿ ಮೊಸಳೆಯಂಥ ಹಲ್ಲಿನ ಮೊಳಕೆ ಕಾಣಿಸಿತು. ಹಳೆಯ ದಾರಿ ಪೂರ್ತಿ ಅಳಿಸಿಲ್ಲ ಅಂತ ಅರ್ಥ. ಮರಿಕೋಳಿಯ ಕೊಕ್ಕಿನ ತುದಿಯಲ್ಲಿ ಬಿಳಿ ಚುಕ್ಕಿ ಇರುತ್ತದಲ್ಲ, ಮೊಟ್ಟೆ ಒಡೆಯಲು, ಅದು ಮಾತ್ರ ನಿಜವಾದ ಹಲ್ಲಲ್ಲ. ಕೋಳಿ ಅಗಿಯುವ ಕೆಲಸ ಮಾಡುವುದು ಕಲ್ಲಂಗಡಿಯಂಥ ಗಟ್ಟಿ ಹೊಟ್ಟೆಯಲ್ಲಿ, ನುಂಗಿದ ಕಲ್ಲಿನ ಚೂರಿನಿಂದ. ನಮ್ಮ ಚಿಪ್ಪುಹಂದಿಗೂ ಹಲ್ಲಿಲ್ಲ, ಅದೂ ಇರುವೆ ಗೆದ್ದಲನ್ನು ಹೊಟ್ಟೆಯಲ್ಲೇ ಅರೆಯುತ್ತದೆ.

ಮಳೆಹಕ್ಕಿ (6.50)
ಮೇಷ್ಟ್ರೇ, ಕಲ್ಲಂಗಡಿ ಅಲ್ಲ, ಅದನ್ನು ನಾವು ಕಲ್ಲೀರಲು ಅನ್ನುತ್ತೇವೆ. ಕೋಳಿ ಸಾರು ಮಾಡುವವರನ್ನು ಕೇಳಿ.

ಪ್ರಾಣಿಶಾಸ್ತ್ರ ಮೇಷ್ಟ್ರು (6.52)
ಸರಿ ತಂಗಿ, ಕಲ್ಲೀರಲು. ತಿದ್ದಿದ್ದು ಒಳ್ಳೆಯದಾಯಿತು.

ದುಬಾರೆ ದಡ (8.30)
ಕಾವೇರಿಯ ಮಹಶೀರ್ ಮೀನಿನ ಬಾಯಲ್ಲಿ ಬೆರಳಿಟ್ಟರೆ ಹಲ್ಲು ಸಿಗುವುದಿಲ್ಲ. ಆದರೆ ಏಡಿಯನ್ನೂ ಪುಡಿ ಮಾಡುತ್ತದೆ. ಹಲ್ಲು ಗಂಟಲಲ್ಲಿದೆ! ಗೆಂಡೆ ಜಾತಿಯ ಮೀನುಗಳೆಲ್ಲ ಹಾಗೇ. ಅಡುಗೆಗೆ ಗೆಂಡೆ ತಂದಾಗ ಕಿವಿರಿನ ಹಿಂದೆ ನೋಡಿ, ಕಾಣುತ್ತದೆ. ಮಹಶೀರ್ ಮಾತ್ರ ದಯವಿಟ್ಟು ಹಿಡಿಯಬೇಡಿ, ಕಾವೇರಿಯದು ಅಳಿವಿನ ಅಂಚಿನಲ್ಲಿದೆ.

ಹಲ್ಲಿನ ಡಾಕ್ಟರ್ ವಿರಾಜಪೇಟೆ (9.10)
ಮೀನು ಅಂದದ್ದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ವಿಷಯ. ಹಲ್ಲು ಎಲ್ಲಿಂದ ಬಂತು? ಡೆಂಟಿನ್ ಮೊದಲು ಕಾಣಿಸಿದ್ದು ಬಾಯಲ್ಲಲ್ಲ, ಸುಮಾರು 46 ಕೋಟಿ ವರ್ಷ ಹಿಂದಿನ ಮೀನುಗಳ ಮೈಮೇಲಿನ ಕವಚದಲ್ಲಿ. ಶಾರ್ಕ್ ಚರ್ಮ ಇವತ್ತಿಗೂ ಮರಳುಕಾಗದದ ಹಾಗೆ ಇರುವುದು ಅದರ ತುಂಬ ಹಲ್ಲಿನಂಥ ಮುಳ್ಳುಗಳು ಇರುವುದರಿಂದ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಆ ಕವಚ ಮೈ ಕಾಯುವುದರ ಜೊತೆಗೆ ಸುತ್ತಲಿನ ನೀರನ್ನು ಅರಿಯುವ ಅಂಗವೂ ಆಗಿತ್ತು. ಆಮೇಲೆ ಬಾಯಿಯಲ್ಲಿ ಹಲ್ಲಾಯಿತು. ಐಸ್‌ಕ್ರೀಮ್ ತಿಂದಾಗ ಹಲ್ಲು ಜುಂ ಅನ್ನುತ್ತದಲ್ಲ, ಆ ಅರಿವು ಅಷ್ಟು ಹಳೆಯದು. ದಿನಾ ಹತ್ತಾರು ಬಾಯಿ ನೋಡುವ ನನಗೆ ಇದನ್ನು ಓದಿದ ದಿನ ನಿದ್ದೆ ಬರಲಿಲ್ಲ.

ಕಿತ್ತಳೆಹೂ (ಸೋಮವಾರ ಮಧ್ಯಾಹ್ನ 1.15)
ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಅವಳ ಮುಂದಿನ ಹಾಲುಹಲ್ಲು ನಿನ್ನೆ ರಾತ್ರಿಯೇ ಬಿತ್ತು. ಅತ್ತೆ ಸಗಣಿಯಲ್ಲಿ ಇಟ್ಟು ಹೆಂಚಿನ ಮೇಲೆ ಎಸೆಸಿದರು. ಎಸೆಯುವ ಮೊದಲು ಬೇರು ಯಾಕಿಲ್ಲ ಅಂತ ತಿರುಗಿಸಿ ತಿರುಗಿಸಿ ನೋಡಿದಳು.

ಇಲಾಖೆಯವರು ಬಂದಿದ್ದರು. ಬರೆದುಕೊಂಡು, ಸಹಿ ಹಾಕಿಸಿಕೊಂಡು ಹಲ್ಲು ತೆಗೆದುಕೊಂಡು ಹೋದರು.

ಹಲ್ಲಿನ ಡಾಕ್ಟರ್ ವಿರಾಜಪೇಟೆ (1.40)
ಮಗುವಿಗೆ ಹೇಳಿ. ಹೊಸ ಹಲ್ಲು ಮೇಲೆ ಬರುವಾಗ ಹಾಲುಹಲ್ಲಿನ ಬೇರು ಕರಗಿ ಹೋಗುತ್ತದೆ. ಅದಕ್ಕೇ ಸುಲಭವಾಗಿ ಬೀಳುವುದು.

ಕಿತ್ತಳೆಹೂ (ಗುರುವಾರ ರಾತ್ರಿ 9.30)
ಮಾವ ಬಂದರು. ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅದು ಅಜ್ಜಿಯದು" ಅಂದರು.

ನಾನು ಮದುವೆಯಾಗಿ ಬರುವ ಎಷ್ಟೋ ಮೊದಲಿನ ಮಾತು. 1996ರ ಬೇಸಿಗೆ. ಒಂದು ಮುದಿ ಹೆಣ್ಣಾನೆ ಹಿಂಡು ಬಿಟ್ಟು ಒಂಟಿಯಾಗಿ ನಮ್ಮ ಕೆರೆಗೆ ಬಂತಂತೆ. ಕಿವಿಯ ಅಂಚು ಮಡಚಿತ್ತು, ಹಣೆ ಗುಳಿ ಬಿದ್ದಿತ್ತು. ತೋಟದ ಲೈನ್ ಮನೆಯ ಕೆಲಸದವರೆಲ್ಲ ಅಜ್ಜಿ ಅಂತ ಕರೆಯುತ್ತಿದ್ದರು. ಸುಮಾರು ಎರಡು ತಿಂಗಳು ಅಲ್ಲೇ ಇತ್ತು. ಯಾರಿಗೂ ತೊಂದರೆ ಕೊಡಲಿಲ್ಲ. ಕೆರೆಯಂಚಿನ ಎಳೆ ಹುಲ್ಲು ಮಾತ್ರ ತಿನ್ನುತ್ತಿತ್ತು. ಬೈನೆ ಮರ ಮುರಿದು ಬಾಯಿಗೆ ಹಾಕಿ, ಸ್ವಲ್ಪ ಹೊತ್ತು ಆಡಿಸಿ, ನಾರಿನ ಮುದ್ದೆ ಮಾಡಿ ಹೊರಗೆ ಬೀಳಿಸುತ್ತಿತ್ತು. ಲದ್ದಿಯಲ್ಲಿ ಕಡ್ಡಿ ಕಡ್ಡಿಯಾಗಿ ಹಾಗೇ ಇರುತ್ತಿತ್ತು. ಹೊಟ್ಟೆ ಕಾಯಿಲೆ ಅಂತ ಇವರೆಲ್ಲ ಅಂದುಕೊಂಡಿದ್ದರು. ಮಾವ ರಾತ್ರಿ ದೂರದಲ್ಲಿ ಹಲಸಿನ ಹಣ್ಣು ಬಿಡಿಸಿ ಇಟ್ಟು ಬರುತ್ತಿದ್ದರಂತೆ, ತೊಳೆ ಮೆತ್ತಗಿರುತ್ತದಲ್ಲ.

ಮೊದಲ ಮಳೆ ಬಿದ್ದ ವಾರ ಒಂದು ಬೆಳಿಗ್ಗೆ ನೀರಿನ ಅಂಚಿನಲ್ಲಿ ಮಲಗಿತ್ತು, ಏಳಲಿಲ್ಲ. ಇಲಾಖೆಯವರು ಬಂದು ಮರಣೋತ್ತರ ಪರೀಕ್ಷೆ ಮಾಡಿ ಅಲ್ಲೇ ದಂಡೆಯಲ್ಲಿ ಹೂಳಿದರು. ಮುಂದಿನ ವರ್ಷ ಆ ಜಾಗದಲ್ಲಿ ಒಂದು ಹಲಸಿನ ಸಸಿ ಎದ್ದಿತ್ತು. ಮಾವ ಅದಕ್ಕೆ ಬೇಲಿ ಕಟ್ಟಿದರು. ನಾವು ಇವತ್ತು ಹಣ್ಣು ತಿನ್ನುತ್ತಿರುವುದು ಅದೇ ಮರದ್ದು.

ಡಾಕ್ಟ್ರೇ, ನೀವು ಶನಿವಾರ ಹೇಳಿದ್ದು ಅಕ್ಷರಶಃ ಸರಿ.

ಕೊಟ್ಟಿಗೆ ಡಾಕ್ಟ್ರು (9.55)
ಓದಿ ಕಣ್ಣು ತುಂಬಿತು ತಂಗಿ. ನಾರಿನ ಮುದ್ದೆ ಉಗುಳುವುದು, ಲದ್ದಿಯಲ್ಲಿ ಉದ್ದ ಕಡ್ಡಿ, ನೀರಿನ ಹತ್ತಿರ ಮೆದು ಹುಲ್ಲು ಹುಡುಕಿ ನಿಲ್ಲುವುದು, ಮೂರೂ ಕೊನೆಯ ಹಲ್ಲು ಸವೆದ ಆನೆಯ ಲಕ್ಷಣ. ಹೊಟ್ಟೆ ಕಾಯಿಲೆ ಅಲ್ಲ. ನಿಮ್ಮ ಮಾವ ತೊಳೆ ಬಿಡಿಸಿ ಇಟ್ಟದ್ದು ಅದರ ಬಾಯಿಗೆ ಸರಿಹೊಂದುವ ಆಹಾರವೇ ಆಗಿತ್ತು, ಅವರಿಗೆ ತಿಳಿಸಿ.

ಕುಟ್ಟದವ (10.02)
ಮಾವನವರಿಗೆ ನನ್ನ ನಮಸ್ಕಾರ ಹೇಳಿ ಅಕ್ಕ.

ಕಿತ್ತಳೆಹೂ (10.20)
ಹೇಳಿದೆ. ಮಗಳು ಪಕ್ಕದಲ್ಲೇ ಕೂತು ಲೆಕ್ಕ ಹಾಕುತ್ತಿದ್ದಾಳೆ. ನಾಲ್ಕರಲ್ಲಿ ಒಂದು ಸಿಕ್ಕಿತು, ಇನ್ನು ಮೂರು ಮರದ ಕೆಳಗೇ ಇವೆ ಅಂತ. ಗಾರ್ಡ್‌ಗೂ ವಿಷಯ ತಿಳಿಸಿದ್ದೇವೆ. ಜೇಸಿಬಿಯವರಿಗೆ ನಾಳೆ ಆಚೆ ದಂಡೆಯಿಂದ ಹೂಳು ತೆಗೆಯಲು ಹೇಳಿದ್ದೇವೆ. ಹಲಸಿನ ಮೂಲೆ ಹಾಗೇ ಇರುತ್ತದೆ.